ಕೆಂಪು ಸಾಲದು

ಹಾಡು ಮುಗಿಯುವ ಮೊದಲು ಅಲ್ಲಿಂದ ಕಾಲು ಕೀಳುವುದು ಓಜೆಲ್ಲಾ ಪೆಟಿಗ್ರು ಅವರ ಜಾಯಮಾನದಲ್ಲೇ ಇರಲಿಲ್ಲ. ಕುರ್ಚಿ ಹಾಕಿಕೊಂಡು ಕೇಳುವ ಕಛೇರಿಯ ಮಾತಲ್ಲ ಇದು. ದಾರಿಯಲ್ಲಿ ಹೋಗುವಾಗ ಕಿವಿಗೆ ಬಿದ್ದ ಹಾಡಿಗೂ ಅವರು ಅದೇ ಮರ್ಯಾದೆ ಸಲ್ಲಿಸುತ್ತಿದ್ದರು. ಷಿಕಾಗೋದ ದಕ್ಷಿಣ ಭಾಗದ ನಮ್ಮ ಬೀದಿಯಲ್ಲೋ, ಬೇರೆ ಏನಕ್ಕೆ ಬರವಿದ್ದರೂ ಹಾಡಿಗೆ ಬರವಿರಲಿಲ್ಲ. ಗ್ರಾಮಫೋನ್ ತಟ್ಟೆಗಳ ಅಂಗಡಿಯವನು ಬಾಗಿಲ ನೆತ್ತಿಗೆ ಧ್ವನಿವರ್ಧಕ ಕಟ್ಟಿದ್ದ. ಕ್ಷೌರದಂಗಡಿಯ ರೇಡಿಯೋ ಕತ್ತರಿಗಿಂತ ಮೊದಲೇ ಕೆಲಸಕ್ಕೆ ತೊಡಗುತ್ತಿತ್ತು. ಬೇಸಿಗೆ ಬಂತೆಂದರೆ ಮೇಲಿನ ಮಹಡಿಯ ತೆರೆದ ಕಿಟಕಿಗಳಿಂದ ಯಾರದೋ ಸ್ಯಾಕ್ಸೊಫೋನಿನ ಅಭ್ಯಾಸ, ಅದೇ ತಪ್ಪು, ಅದೇ ತಿದ್ದುಪಡಿ, ದಿನವಿಡೀ ಬೀದಿಗೆ ಸುರಿಯುತ್ತಿತ್ತು. ಎತ್ತರದ, ಅಗಲ ಹೆಗಲಿನ ಓಜೆಲ್ಲಾ ಬಲಗಾಲನ್ನು ಕೊಂಚ ಹೊರಕ್ಕೆಸೆದು ರಾಜಗಾಂಭೀರ್ಯದಿಂದ ನಡೆದು ಬರುತ್ತಿದ್ದವರು ಒಮ್ಮೆಲೇ ನಿಂತು, ಕೈಚೀಲವನ್ನು ಎದೆಗೊತ್ತಿ, ತಲೆಯನ್ನು ಎಡಕ್ಕೆ ವಾಲಿಸಿ, ಕೊನೆಯ ಸ್ವರ ಆರುವ ತನಕ ಅಲ್ಲಾಡುತ್ತಿರಲಿಲ್ಲ. ಮನೆಯಿಂದ ಶಾಲೆಗೆ ಕೂಗಳತೆಯ ದಾರಿ. ಆದರೂ ಅವರು ಒಂದು ದಿನವೂ ಗಂಟೆ ಹೊಡೆಯುವುದಕ್ಕೆ ಸರಿಯಾಗಿ ಬಂದವರಲ್ಲ.

ಒಮ್ಮೆ ನಾನು ಕೇಳಿದೆ, ಇದೇನು ಹಟ ಎಂದು. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಅರ್ಧ ಹಾಡಿಗೆ ಬೆನ್ನು ಹಾಕೋದೂ ಒಂದೇ, ಮಾತಾಡ್ತಾ ಇರೋ ಅಜ್ಜಿಗೆ ಬೆನ್ನು ಹಾಕೋದೂ ಒಂದೇ ಪ್ರೊಫೆಸರ್. ನಿಮ್ಮಮ್ಮ ಅಷ್ಟೂ ಕಲಿಸ್ಲಿಲ್ವಾ?"

ನಾನು ಪ್ರೊಫೆಸರನಲ್ಲ. ಅವರು ಚಿತ್ರಕಲೆ ಕಲಿಸುತ್ತಿದ್ದ ಪ್ರೌಢಶಾಲೆಯಲ್ಲೇ ಇತಿಹಾಸದ ಮೇಷ್ಟರು, ಭಾನುವಾರಗಳಲ್ಲಿ ನಮ್ಮ ಎಲಿಮ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ವ್ಯಾಕರಣದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತೆಂಬುದನ್ನು ಅಲ್ಲಗಳೆಯುವುದಿಲ್ಲ. ಅದನ್ನು ಕಂಡುಕೊಂಡ ದಿನದಿಂದ ಓಜೆಲ್ಲಾ ನನಗೆ ಆ ಬಿರುದು ದಯಪಾಲಿಸಿದರು. ಅದು ಗೌರವವಲ್ಲವೆಂದು ಗೊತ್ತಿದ್ದೂ ನಾನು ಓಗೊಡುತ್ತಿದ್ದೆ.

ಅವರಿಗೆ ಒಂದು ಮಾತಿನ ಚಾಳಿ ಇತ್ತು: ಕೆಂಪು ಸಾಲದು. ಮೊದಲು ಅದು ಬಣ್ಣದ ಮಾತೇ ಆಗಿತ್ತು. ಆಫ್ರಿಕಾ ಮೂಲದ ನಮ್ಮವರ ಮೈಬಣ್ಣವನ್ನು ಬರೆಯಲು ಹೊರಟ ಪ್ರತಿಯೊಬ್ಬನೂ ಮೊದಲು ಕಂದುಬಣ್ಣ ಬಳಿಯುತ್ತಾನೆ, ಅದು ಕೆಸರಿನಂತೆ ಕಾಣುತ್ತದೆ, ಏಕೆಂದರೆ ಚರ್ಮದ ಕೆಳಗೆ ಹರಿಯುವುದನ್ನು ಅವನು ಮರೆತಿರುತ್ತಾನೆ ಎಂಬುದು ಅವರ ಸಿದ್ಧಾಂತ. ಬರುಬರುತ್ತಾ ಆ ಮಾತು ಬಣ್ಣದ ತಟ್ಟೆಯಿಂದ ಹೊರಗೆ ಹಬ್ಬಿತು. ಬೆಂಡೆಕಾಯಿ ಸಾರಿಗೆ ಖಾರ ಕಮ್ಮಿಯಾದರೆ ಕೆಂಪು ಸಾಲದು. ಹೊಸ ಮೇಯರನ ಭಾಷಣಕ್ಕೆ ಕೆಂಪು ಸಾಲದು. ನಮ್ಮ ರೆವರೆಂಡ್ ಟಾಲಿವರ್ ಮೈಯೆಲ್ಲ ಬೆವತು ಉಪದೇಶ ಮುಗಿಸಿ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದಾಗ, ಅವರ ಕೈಯನ್ನು ಆತ್ಮೀಯವಾಗಿ ಹಿಡಿದು, "ಚೆನ್ನಾಗಿತ್ತು ರೆವರೆಂಡ್, ಕೆಂಪೊಂದು ಸಾಲ್ದು" ಎಂದು ಹೇಳಿ ಹೋದವರು ಅವರು. ನನ್ನ ಆರ್ಗನ್ನಿಗೂ ಎಂದೂ ಕೆಂಪು ಸಾಲಲಿಲ್ಲ.

ತರಗತಿಯಲ್ಲಿ ಅವರನ್ನು ನೋಡಬೇಕಿತ್ತು. ಪಕ್ಕದ ಕೋಣೆಯಲ್ಲಿ ನಾನು ಯುದ್ಧಗಳನ್ನೂ ಒಪ್ಪಂದಗಳನ್ನೂ ಒಪ್ಪಿಸುತ್ತಿದ್ದರೆ, ಗೋಡೆಯಾಚೆ ಗ್ರಾಮಫೋನು ಹಾಡುತ್ತಿತ್ತು. ಆ ಕಾಲದ ಬಣ್ಣದ ಕಡ್ಡಿಗಳ ಡಬ್ಬಿಯಲ್ಲಿ ಚರ್ಮದ ಬಣ್ಣವೆಂದರೆ ತಿಳಿಗುಲಾಬಿ. ನಮ್ಮ ಮಕ್ಕಳು ತಮ್ಮ ಚಿತ್ರ ಬರೆಯಿರಿ ಎಂದರೆ ನಿಸ್ಸಂಕೋಚವಾಗಿ ಅದನ್ನೇ ಎತ್ತಿಕೊಂಡು ತಿಳಿಗುಲಾಬಿ ಕೆನ್ನೆಗೆ ಹಳದಿ ಕೂದಲು ಹಚ್ಚುತ್ತಿದ್ದರು. ಕಪ್ಪು ಎಂದು ಕರೆಸಿಕೊಳ್ಳುವುದು ಆಗ ನಮ್ಮಲ್ಲಿ ಬೈಗುಳವಾಗಿತ್ತು, ಹೊಡೆದಾಟಕ್ಕೆ ಕಾರಣವಾಗುವ ಬೈಗುಳ. ಓಜೆಲ್ಲಾ ಯಾರನ್ನೂ ಗದರುತ್ತಿರಲಿಲ್ಲ. ಗ್ರಾಮಫೋನಿನ ಮುಳ್ಳನ್ನು ಇಳಿಸಿ, "ಈ ಹಾಡು ಮುಗಿಯೋಷ್ಟ್ರಲ್ಲಿ ನಿಮ್ಮಜ್ಜಿ ಕೆನ್ನೆ ಬಣ್ಣ ಕಲಸಿ ತೋರಿಸ್ಬೇಕು. ಯಾರಜ್ಜಿ ಕೆಸರಿನ ಥರ ಬರ್ತಾಳೋ, ಆ ಅಜ್ಜಿ ಹತ್ರ ನಾನೇ ಬಂದು ಹೇಳ್ತೀನಿ" ಎನ್ನುತ್ತಿದ್ದರು. ಮಕ್ಕಳು ನಗುತ್ತಾ ಕಲಸುತ್ತಿದ್ದರು. ಕಹಳೆ ಮೇಲೇರಿದಾಗ ಒಬ್ಬಳು ಕೆಂಪು ಹನಿಸುವಳು, ಇನ್ನೊಬ್ಬ ಹಳದಿ ಬೆರೆಸುವನು, ಗಂಟೆ ಹೊಡೆಯುವ ಹೊತ್ತಿಗೆ ಮೂವತ್ತು ಅಜ್ಜಿಯರು ಮೂವತ್ತು ಬಗೆಯ ಕಂದಿನಲ್ಲಿ ಮೇಜುಗಳ ಮೇಲೆ ಒಣಗುತ್ತಿದ್ದರು: ಕಾಕಂಬಿಯ ಕಂದು, ಸುಟ್ಟ ಬ್ರೆಡ್ಡಿನ ಅಂಚಿನ ಕಂದು, ಗೆಣಸಿನ ಪೈ ಒಲೆಯಿಂದ ಇಳಿದಾಗಿನ ಕಂದು. ಇತಿಹಾಸದ ಮೇಷ್ಟರಾದ ನನಗೆ ಹೊಟ್ಟೆಕಿಚ್ಚಾಗುತ್ತಿತ್ತೆಂದು ಹೇಳಿದರೆ ತಪ್ಪಾಗಲಾರದು.

ಇನ್ನು ಅವರ ಅಂಗಿ. ಬಣ್ಣದ ಕೆಲಸಕ್ಕೆ ಅವರು ತೊಡುತ್ತಿದ್ದದ್ದು ಎಲಿಮ್ ಚರ್ಚಿನ ಗಾಯಕವೃಂದದ ನಿಲುವಂಗಿ, ದ್ರಾಕ್ಷಾರಸದ ಬಣ್ಣದ್ದು, ತೋಳುಗಳನ್ನು ಮೊಣಕೈಗೆ ಕತ್ತರಿಸಿದ್ದು. ಅದರ ಹಿಂದೆ ಒಂದು ಕತೆಯಿದೆ, ಅದೇ ಈ ಬರಹದ ಬೇರು.

ಓಜೆಲ್ಲಾ ಅವರಿಗೆ ಒಬ್ಬನೇ ತಮ್ಮ, ಅಲೋಂಜೊ. ಮಿಸ್ಸಿಸಿಪ್ಪಿಯಿಂದ ಇಬ್ಬರೂ ಚಿಕ್ಕವರಿದ್ದಾಗಲೇ ಒಂದೇ ರೈಲಿನಲ್ಲಿ ಬಂದವರು. ಅಕ್ಕ ಚರ್ಚಿನಲ್ಲಿ ಹಾಡಿದಳು, ತಮ್ಮ ಹೆಂಡದಂಗಡಿಗಳಲ್ಲಿ ಬ್ಲೂಸ್ ಹಾಡಿದ. ಒಡೆದ ಬಾಟಲಿಯ ಕತ್ತನ್ನು ನಯವಾಗಿ ತೇದು ಎಡಗೈಯ ಕಿರುಬೆರಳಿಗೆ ತೊಟ್ಟು ಗಿಟಾರಿನ ತಂತಿಗಳ ಮೇಲೆ ಜಾರಿಸಿದನೆಂದರೆ, ಕೇಳಿದವರಿಗೆ ತಾವು ಬಿಟ್ಟು ಬಂದ ಊರು ಕಣ್ಣ ಮುಂದೆ ಬರುತ್ತಿತ್ತು. ಚರ್ಚಿನ ಹಿರಿಯರಿಗೆ ಮಾತ್ರ ಅದು ಸೈತಾನನ ಸಂಗೀತ. ಆರ್ಗನ್ನಿನ ಮುಂದೆ ಕುಳಿತವನಾಗಿ ನಾನು ಒಂದು ಗುಟ್ಟು ಹೇಳಬಲ್ಲೆ: ಶನಿವಾರ ಹೆಂಡದಂಗಡಿಯಲ್ಲಿ ಕೇಳುವ ಸ್ವರವೂ ಭಾನುವಾರ ಆರಾಧನೆಯಲ್ಲಿ ಕೇಳುವ ಸ್ವರವೂ ಒಂದೇ ತಾಯಿಯ ಮಕ್ಕಳು; ಒಂದು ಮಗು ಮುಖ ತೊಳೆದುಕೊಂಡು ಬಂದಿದೆ, ಇನ್ನೊಂದಕ್ಕೆ ಪುರುಸೊತ್ತಾಗಿಲ್ಲ, ಅಷ್ಟೆ. ಆದರೆ ಅಲೋಂಜೊ ನ್ಯುಮೋನಿಯಾದಿಂದ ತೀರಿಕೊಂಡಾಗ, ಅವನ ಪೆಟ್ಟಿಗೆಯನ್ನು ಚರ್ಚಿನೊಳಗೆ ತರಕೂಡದೆಂದು ಹಿರಿಯರು ತೀರ್ಮಾನಿಸಿದರು. ಅವರಲ್ಲಿ ಎಲ್ಲರಿಗಿಂತ ಮೊದಲು ಬೇಡವೆಂದವರು ಮದರ್ ಐಜೋರಾ, ಶ್ವೇತವಸ್ತ್ರ, ಶ್ವೇತ ಟೋಪಿ, ಶ್ವೇತ ಕೈಗವಸು ಧರಿಸಿ ಮೊದಲ ಸಾಲಿನಲ್ಲಿ ಕೂರುವ, ರೆವರೆಂಡರೂ ಹೆದರುವ ಚರ್ಚಿನ ಹಿರಿಯಮ್ಮ. ಶವಸಂಸ್ಕಾರದ ಪ್ರಾರ್ಥನೆ ಅಂತ್ಯಕ್ರಿಯೆಯ ಅಂಗಡಿಯವನ ಹಜಾರದಲ್ಲಿ ನಡೆಯಿತು.

ಓಜೆಲ್ಲಾ ಚರ್ಚನ್ನು ಬಿಡಲಿಲ್ಲ, ಹಾಡುವುದನ್ನು ಬಿಟ್ಟರು. ನಿಲುವಂಗಿ ಹಿಂತಿರುಗಿಸಬೇಕೆಂದು ಹೇಳಿ ಕಳಿಸಿದಾಗ, "ನನ್ ತಮ್ಮ ಒಳಗೆ ಬಂದ ದಿವ್ಸ ಕೊಡ್ತೀನಿ ಅನ್ನಿ" ಎಂದು ಉತ್ತರ ಕಳಿಸಿ, ಕತ್ತರಿ ತೆಗೆದುಕೊಂಡು ತೋಳುಗಳನ್ನು ಕತ್ತರಿಸಿದರು. ಅಂದಿನಿಂದ ಪ್ರತಿ ಭಾನುವಾರ ಬಂದು, ಎಲ್ಲರೂ ಹಾಡುವಾಗ ಬಾಯಿ ಮುಚ್ಚಿ ಕುಳಿತು, ಕೊನೆಯ ಸ್ವರದ ತನಕ ಅಲ್ಲಾಡದೆ ಕೇಳಿ ಎದ್ದು ಹೋಗುತ್ತಿದ್ದರು.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ನಮ್ಮ ಬೀದಿಗಳಿಗೆ ಒಂದು ಹೊಸ ಹುರುಪು ಬಂತು. ಹುಡುಗರು ಕೂದಲನ್ನು ನೇರ ಮಾಡಿಕೊಳ್ಳುವುದನ್ನು ಬಿಟ್ಟು ದುಂಡಗೆ ಎತ್ತರಕ್ಕೆ ಬೆಳೆಸಿದರು. ಬೈಗುಳವಾಗಿದ್ದ ಕಪ್ಪು ಎಂಬ ಮಾತನ್ನು ಎತ್ತಿ ತೊಳೆದು ಹೆಸರಾಗಿ ಇಟ್ಟುಕೊಂಡರು. ಡೋಲುಗಳು ಉದ್ಯಾನಕ್ಕೆ ಬಂದವು, ಕವಿಗಳು ಪಡಸಾಲೆಗಳಿಂದ ಮೂಲೆ ಅಂಗಡಿಯ ಮೆಟ್ಟಿಲಿಗೆ ಬಂದರು, ಚಿತ್ರಗಳು ಚೌಕಟ್ಟು ಬಿಟ್ಟು ಗೋಡೆಗೆ ಬಂದವು. ವಸ್ತುಸಂಗ್ರಹಾಲಯದ ಬಾಗಿಲಲ್ಲಿ ನಮ್ಮನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದ ಕಾವಲುಗಾರನ ಅಪ್ಪಣೆ ಇನ್ನು ಬೇಕಿರಲಿಲ್ಲ. ರೆವರೆಂಡ್ ಟಾಲಿವರ್ ಚರ್ಚಿನ ಪಕ್ಕದ ದೊಡ್ಡ ಇಟ್ಟಿಗೆ ಗೋಡೆಯನ್ನು ಓಜೆಲ್ಲಾ ಅವರಿಗೆ ಒಪ್ಪಿಸಿದರು. ಅಲ್ಲಿ ಅವರು ಬರೆಯಹೊರಟದ್ದು ನಮ್ಮದೇ ಬೀದಿಯ ಹಾಡುವವರನ್ನು, ಸತ್ತವರನ್ನೂ ಬದುಕಿದ್ದವರನ್ನೂ ಕೂಡಿಸಿ, ಎಲ್ಲರಿಗೂ ದ್ರಾಕ್ಷಾರಸದ ಬಣ್ಣದ ನಿಲುವಂಗಿ ತೊಡಿಸಿ, ಮೂರು ಸಾಲಿನ ಒಂದು ಗಾಯಕವೃಂದ.

ಅದಕ್ಕೆ ಅವರೇ ಒಂದು ಕಟ್ಟಳೆ ಮಾಡಿದರು. ಪ್ರತಿಯೊಂದು ಮುಖವನ್ನೂ ಮೊದಲು ಸೀಮೆಸುಣ್ಣದಲ್ಲಿ ಗೀರುವುದು, ಒಂದು ವಾರ ಬಿಡುವುದು. ಆ ಮುಖ ಬೇಡವೆನ್ನುವವರು ಯಾರೇ ಆಗಲಿ, ಒದ್ದೆಬಟ್ಟೆ ತಂದು ಒರೆಸಬಹುದು. ಕಾರಣ ಕೇಳುವ ಹಾಗಿಲ್ಲ. ಒರೆಸದೆ ಉಳಿದ ಮುಖಕ್ಕೆ ಮಾತ್ರ ಬಣ್ಣ.

"ಗೋಡೆ ನಂದಲ್ಲ, ಬೀದೀದು. ದಿನಾ ನೋಡೋರು ಅವ್ರು" ಎಂಬುದು ಅವರ ವಾದ. ಇದರಿಂದ ತೊಂದರೆಯಾದೀತೆಂದು ನಾನು ಎಚ್ಚರಿಸಿದೆ. ಪ್ರೊಫೆಸರ್ ತಮ್ಮ ಯುದ್ಧಗಳನ್ನು ನೋಡಿಕೊಳ್ಳಲಿ ಎಂದರು.

ಎರಡನೆಯ ಸಾಲಿನ ನಡುವೆ ಅಲೋಂಜೊನ ಮುಖ ಸೀಮೆಸುಣ್ಣದಲ್ಲಿ ಮೂಡಿದ ಮರುದಿನವೇ ಮದರ್ ಐಜೋರಾ ಊಟದ ಕೋಣೆಯ ಕುರ್ಚಿಯೊಂದನ್ನು ಹೊರಿಸಿಕೊಂಡು ಬಂದು, ಅದರ ಮೇಲೆ ಹತ್ತಿ, ಬಿಳಿ ಕೈಗವಸು ಬಿಚ್ಚಿಟ್ಟು, ಒದ್ದೆಬಟ್ಟೆಯಿಂದ ಒರೆಸಿದರು. ಓಜೆಲ್ಲಾ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು.

"ಸಾರಾಯಿ ಅಂಗಡೀಲಿ ಹಾಡ್ದೋನ್ನ ದೇವರ ಮನೆ ಗೋಡೆ ಮೇಲೆ ನಿಲ್ಲಿಸ್ತೀಯಾ? ನಾನು ಬದುಕಿರೋವರ್ಗೂ ಆಗಲ್ಲ ಕಣೇ."

"ನೀವು ನೂರು ವರ್ಷ ಬದುಕಿ ಮದರ್. ನನ್ ಹತ್ರ ಸೀಮೆಸುಣ್ಣ ಬೇಕಾದಷ್ಟಿದೆ."

"ನನ್ ಹತ್ರ ಬಟ್ಟೇನೂ ಇದೆ, ನೀರೂ ಇದೆ."

ಆ ಬೇಸಿಗೆಯೆಲ್ಲ ಇದೇ ನಡೆಯಿತು. ಒಬ್ಬರು ಬರೆದರು, ಇನ್ನೊಬ್ಬರು ಒರೆಸಿದರು. ಕ್ಷೌರದಂಗಡಿಯವರು ಪಂದ್ಯ ಕಟ್ಟಿದರು. ಕುರ್ಚಿ ಅಲುಗಾಡುತ್ತಿದೆಯೆಂದು ಒಂದು ದಿನ ಓಜೆಲ್ಲಾ ಅವರೇ ಅದರ ಕಾಲು ಹಿಡಿದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಮೇಲೆ ನಿಂತವರು ಒರೆಸುತ್ತಿದ್ದರು. ಕೊನೆಗೆ ಉಳಿದ ಮುಖಗಳೆಲ್ಲ ಬಣ್ಣ ತೊಟ್ಟು ಹಾಡತೊಡಗಿದರೂ ಆ ಒಂದು ಜಾಗ ಹಾಗೇ ಉಳಿಯಿತು: ನಿಲುವಂಗಿ ಇದೆ, ತೋಳು ಖಾಲಿ, ಕೊರಳಪಟ್ಟಿಯ ಮೇಲೆ ಬರಿಯ ಇಟ್ಟಿಗೆ. ಅಲೋಂಜೊನ ಮೈಬಣ್ಣವನ್ನು ಓಜೆಲ್ಲಾ ಉಪ್ಪಿನಕಾಯಿಯ ಗಾಜಿನ ಸೀಸೆಯೊಂದರಲ್ಲಿ ಕಲಸಿಟ್ಟಿದ್ದರು. ಕೆನೆಗಟ್ಟಿ ಒಣಗಿದಾಗ ಎಸೆದು ಮತ್ತೆ ಕಲಸುತ್ತಿದ್ದರು. ಅವರ ಅಡುಗೆಮನೆಯ ಕಿಟಕಿಯಲ್ಲಿ ಆ ಸೀಸೆ ಇಲ್ಲದ ದಿನವನ್ನು ನಾನು ಕಾಣೆ.

ಕರಿಕನ್ನಡಕದ ಯುವ ಚಿತ್ರಕಾರರು ನಾಲ್ಕಾರು ಜನ ಒಮ್ಮೆ ಬಂದರು. ಅವರಿಗೆ ಚರ್ಚೆಂದರೆ ಹಳತು, ಗಾಯಕವೃಂದವೆಂದರೆ ಗುಲಾಮಗಿರಿಯ ಪಳೆಯುಳಿಕೆ.

"ಸಿಸ್ಟರ್, ಆ ಖಾಲಿ ಜಾಗದಲ್ಲಿ ಒಂದು ಮುಷ್ಟಿ ಬರೀರಿ. ಕ್ರಾಂತಿ ಕಾಣ್ಲಿ" ಎಂದ ಅವರ ನಾಯಕ.

"ಮುಷ್ಟಿ ಬಿಗಿ ಹಿಡ್ಕೊಂಡು ಹಾಡಿನ ಪುಸ್ತಕದ ಹಾಳೆ ಹೆಂಗಪ್ಪಾ ತಿರುವೋದು?" ಎಂದು ಓಜೆಲ್ಲಾ ಕೇಳಿದರು. "ಮುಷ್ಟಿ ಬಿಚ್ಚು, ಈ ಏಣಿ ಹಿಡ್ಕೋ. ಕೆಳಗಿನ ಸಾಲಿಗೆ ಇನ್ನೊಂದು ಕೈ ಬಳೀಬೇಕು."

ಅವರು ಏಣಿ ಹಿಡಿದರು. ನಾಯಕನಾದವನು ಮುಂದೆ ಅವರ ಶಿಷ್ಯರಲ್ಲೇ ಗಟ್ಟಿಗನಾದ.

ವರ್ಷಗಳು ಕಳೆದವು. ಗೋಡೆಯ ಆ ಖಾಲಿ ಇಟ್ಟಿಗೆಗಳಿಗೆ ನಮ್ಮ ಕಣ್ಣು ಒಗ್ಗಿತು. ಅಷ್ಟರಲ್ಲಿ ಕಾಲವೂ ಮಗ್ಗುಲು ಬದಲಿಸಿತು. ಕಾಲೇಜಿನ ಹುಡುಗರು ಬ್ಲೂಸ್ ಹಾಡಿದ ಮುದುಕರನ್ನು ಹುಡುಕಿಕೊಂಡು ಬರತೊಡಗಿದರು. ನಮ್ಮ ಇತಿಹಾಸ ಇರುವುದೇ ಆ ಹಾಡುಗಳಲ್ಲಿ ಎಂಬ ಮಾತು ಹಬ್ಬಿತು. ಅಲೋಂಜೊನ ಒಂದೇ ಒಂದು ಗ್ರಾಮಫೋನ್ ತಟ್ಟೆ ಅಂಗಡಿಯ ಧ್ವನಿವರ್ಧಕದಲ್ಲಿ ಹಾಡುಹಗಲೇ ಮೊಳಗಿತು. ಮದರ್ ಐಜೋರಾ ಅವರಿಗೂ ವಯಸ್ಸಾಗಿತ್ತು. ಒಂದು ಭಾನುವಾರ ರೆವರೆಂಡ್ ಟಾಲಿವರ್ ಎದ್ದು ನಿಂತು, ಬ್ರದರ್ ಅಲೋಂಜೊ ಪೆಟಿಗ್ರು ಗೋಡೆಗೆ ಬರಲು ಹಿರಿಯರ ಅಡ್ಡಿ ಇಲ್ಲವೆಂದು ಸಾರಿದರು. ಮೊದಲ ಸಾಲಿನ ಬಿಳಿ ಟೋಪಿ ಅಲ್ಲಾಡಲಿಲ್ಲ. ಓಜೆಲ್ಲಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕುಳಿತಿದ್ದರು. ಆರ್ಗನ್ ನುಡಿಸಬೇಕಾದವನು ನಾನು. ಯಾವ ಹಾಡು ಎಂಬುದೇ ಮರೆತುಹೋಯಿತು.

ಮರುದಿನ ಸಾರುವೆ ಕಟ್ಟಿಸಿ, ಮೇಲೇರಿ, ಸೀಮೆಸುಣ್ಣದಲ್ಲಿ ಅವರು ತಮ್ಮನನ್ನು ಗೀರಿದರು. ಅಷ್ಟು ವರ್ಷಗಳ ಅಭ್ಯಾಸದಿಂದ ಆ ಮುಖ ಅವರ ಕೈಗೆ ತಾನಾಗಿ ಬರುತ್ತಿತ್ತು. ಇನ್ನು ಒಂದು ವಾರ. ನಾನು ಹೇಳಿದೆ, ಈಗ ಕಾಯುವುದೇಕೆ, ಹಿರಿಯರೇ ಒಪ್ಪಿದ್ದಾರಲ್ಲ, ಬಳಿದುಬಿಡಿ. ಅವರು ಬೇಡವೆಂದು ತಲೆಯಾಡಿಸಿದರು. ಎಲ್ಲರ ಮುಖಕ್ಕೂ ವಾರ ಕಾದಿದ್ದೇನೆ, ನನ್ನ ತಮ್ಮನೇನು ಮೇಲಿಂದ ಇಳಿದವನೇ ಎಂದರು.

ಬುಧವಾರ ಬೆಳಿಗ್ಗೆ ನಾವಿಬ್ಬರೂ ಶಾಲೆಗೆ ಹೋಗುವಾಗ ನೋಡಿದರೆ ಇಟ್ಟಿಗೆ ಒದ್ದೆಯಾಗಿತ್ತು, ಮುಖ ಇರಲಿಲ್ಲ. ಓಜೆಲ್ಲಾ ನೇರ ಮದರ್ ಐಜೋರಾ ಅವರ ಮನೆಯ ಕಡೆ ತಿರುಗಿದರು. ಅಷ್ಟರಲ್ಲಿ ಸಾರುವೆಯ ಹಿಂದಿನಿಂದ ಒಬ್ಬ ಹೆಂಗಸು ಈಚೆ ಬಂದಳು. ಡೆಲ್ಫೀನ್ ಸ್ಟೋಕ್ಸ್, ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸದವಳು, ಮಗ ಟೆರೆಲ್‌ನನ್ನು ವಿಯೆಟ್ನಾಂ ಯುದ್ಧದಲ್ಲಿ ಕಳೆದುಕೊಂಡವಳು. ಕೈಯಲ್ಲಿ ಒದ್ದೆಬಟ್ಟೆ ಇತ್ತು.

"ನಾನೇ ಒರೆಸ್ದೆ ಮಿಸ್ ಓಜೆಲ್ಲಾ. ಅವ್ರನ್ನ ಬೈಬೇಡಿ."

ಓಜೆಲ್ಲಾ ಅವಳ ಕಡೆ ತಿರುಗಿದರು.

"ಬಸ್ಸಿಗೆ ಹೋಗೋವಾಗ ದಿನಾ ಇಲ್ಲಿ ನಿಲ್ತೀನಿ. ಆ ಖಾಲಿ ಜಾಗದಲ್ಲಿ ನಮ್ ಟೆರೆಲ್ ಕಾಣ್ತಾನೆ. ಅವನ ಪೆಟ್ಟಿಗೆ ತೆಗೀಬೇಡಿ ಅಂದ್ರು ಸೈನ್ಯದವ್ರು, ಮುಖಾನೇ ತೋರಿಸ್ಲಿಲ್ಲ. ಇಲ್ಲಿ ನೋಡ್ತಿದ್ದೆ." ನಾಚಿದವಳಂತೆ, "ಅವ್ನು ಹಾಡ್ತಾನೂ ಇರ್ಲಿಲ್ಲ, ಬಚ್ಚಲುಮನೇಲಿ ಬಿಟ್ರೆ" ಎಂದಳು.

ಅವಳೊಬ್ಬಳೇ ಅಲ್ಲವೆಂಬುದು ಆ ದಿನ ಬೀದಿಗೆಲ್ಲ ತಿಳಿಯಿತು. ಕ್ಷೌರದಂಗಡಿಯವನಿಗೆ ಅಲ್ಲಿ ಅವನ ಹೆಂಡತಿ ಇದ್ದಳು. ಗ್ರಾಮಫೋನ್ ಅಂಗಡಿಯವನಿಗೆ, ದಕ್ಷಿಣದ ಹತ್ತಿಹೊಲದಲ್ಲಿ ಹೆಸರಿಲ್ಲದೆ ಹೂತುಹೋದ ಅಜ್ಜ ಇದ್ದ. ನಮ್ಮಲ್ಲಿ ಫೋಟೊ ಇರುವ ಸತ್ತವರಿಗಿಂತ ಇಲ್ಲದವರೇ ಹೆಚ್ಚು. ಓಜೆಲ್ಲಾ ತಮ್ಮನಿಗೆಂದು ಕಾದಿಟ್ಟ ಸ್ಥಳವನ್ನು ಇಡೀ ಬೀದಿ ತನ್ನದೆಂದು ತಿಳಿದುಕೊಂಡಿತ್ತು, ಅದನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ, ಅದೇ ಈ ಚಿತ್ರದ ಜಾಣ್ಮೆ ಎಂದು. ಸೀಮೆಸುಣ್ಣದ ಜಗಳವನ್ನು ಕಣ್ಣಾರೆ ಕಂಡವರೂ ಅದನ್ನೇ ನಂಬಿದ್ದರು. ನನಗೆ ಕೋಪ ಬಂತು, ಬರೆದೇ ತೀರಿ ಎಂದು ಅವರ ಮನೆಗೆ ಹೋಗಿ ಹೇಳಿ ಬಂದೆ. ಅವರು ಅಡುಗೆಮನೆಯ ಕಿಟಕಿಯ ಬಳಿ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅತ್ತಿದ್ದರು ಎಂಬುದು ಕಾಣುತ್ತಿತ್ತು.

"ಆ ಡೆಲ್ಫೀನ್‌ಳನ್ನ ಅಲ್ಲಿಂದ ಹೆಂಗೆ ಎಬ್ಬಿಸ್ಲಿ ಪ್ರೊಫೆಸರ್? ಒರೆಸ್ಬಹುದು ಅಂತ ಹೇಳ್ದೋಳೇ ನಾನು."

"ಹಾಗಾದ್ರೆ ಅಲೋಂಜೊ?"

ಅವರು ಸೀಸೆಯ ಮುಚ್ಚಳವನ್ನು ಬಿಗಿ ಮಾಡಿದರು.

ಶನಿವಾರ ಅವರು ಸಾರುವೆ ಏರಿದರು. ಕೆಳಗೆ ಡೆಲ್ಫೀನ್, ಕ್ಷೌರದಂಗಡಿಯವನು, ನಾನು, ಎಲ್ಲರೂ ನಿಂತಿದ್ದೆವು. ಮದರ್ ಐಜೋರಾ ತಮ್ಮ ಅದೇ ಕುರ್ಚಿಯನ್ನು ತರಿಸಿ ಈ ಬಾರಿ ಅದರ ಮೇಲೆ ಕುಳಿತಿದ್ದರು. ಓಜೆಲ್ಲಾ ಸೀಸೆಯ ಮುಚ್ಚಳ ತೆರೆದರು, ಕುಂಚ ಅದ್ದಿದರು. ಖಾಲಿ ಕೊರಳಪಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಬಾಗಿ, ಖಾಲಿ ತೋಳುಗಳಿಂದ ಎರಡು ಕೈಗಳನ್ನು ಹೊರಗೆ ತಂದರು. ಬಲಗೈಯಲ್ಲಿ ಹಾಡಿನ ಪುಸ್ತಕ. ಎಡಗೈಯ ಕಿರುಬೆರಳಿನಲ್ಲಿ, ಹಸಿರು ಬಣ್ಣದ, ನಯವಾಗಿ ತೇದ ಒಂದು ಬಾಟಲಿಯ ಕತ್ತು. ಮುಖದ ಜಾಗದ ಇಟ್ಟಿಗೆಯನ್ನು ಮುಟ್ಟಲಿಲ್ಲ.

"ಕೈಗೂ ವಾರ ಕಾಯ್ಬೇಕಾ?" ಎಂದು ಮೇಲಿನಿಂದ ಕೇಳಿದರು.

ಯಾರೂ ಬಟ್ಟೆ ಎತ್ತಲಿಲ್ಲ. ಡೆಲ್ಫೀನ್ ಕೈಯ ಬಟ್ಟೆಯಿಂದ ತನ್ನ ಕಣ್ಣನ್ನೇ ಒರೆಸಿಕೊಂಡಳು. ಎಲ್ಲರೂ ಮದರ್ ಐಜೋರಾ ಅವರ ಕಡೆ ತಿರುಗಿದರು. ದೇವರ ಮನೆಯ ಗೋಡೆಯ ಮೇಲೆ ಹೆಂಡದ ಬಾಟಲಿಯ ಚೂರು ಬಂದು ನಿಂತಿತ್ತು. ಆ ವೃದ್ಧೆ ಕನ್ನಡಕ ಸರಿಮಾಡಿಕೊಂಡು, ಕೋಲೂರಿ ಎದ್ದು, ಗೋಡೆಯ ಹತ್ತಿರಕ್ಕೆ ಹೋಗಿ ಕತ್ತೆತ್ತಿ ಬಹಳ ಹೊತ್ತು ನೋಡಿದರು.

"ಕೆಂಪು ಸಾಲ್ದು ಕಣೇ," ಎಂದರು.

ಓಜೆಲ್ಲಾ ಸಾರುವೆಯ ಮೇಲಿನಿಂದ ಬಗ್ಗಿ ನೋಡಿದರು.

"ಅವನ ಕೈ ಇನ್ನೂ ಕೆಂಪಿತ್ತು, ಗೆಣ್ಣುಗಳ ಹತ್ರ. ಭಾನುವಾರದ ಶಾಲೇಲಿ ಆ ಕೈ ಮೇಲೆ ಕೋಲಲ್ಲಿ ಹೊಡ್ದೋಳು ನಾನು. ಬೆಂಚು ತಟ್ಟಿ ತಾಳ ಹಾಕ್ತಿದ್ದ, ನಿಲ್ಲಿಸ್ತಾನೇ ಇರ್ಲಿಲ್ಲ. ನಂಗೊತ್ತಿಲ್ವಾ ಅವನ ಕೈ?"

ಆ ಮಾತನ್ನು ಜೀವಮಾನವಿಡೀ ಬೇರೆಯವರಿಗೆ ಹೇಳಿದ್ದ ಓಜೆಲ್ಲಾ ಅಂದು ಮೊದಲ ಬಾರಿಗೆ ಹೇಳಿಸಿಕೊಂಡರು. ಸೀಸೆಗೆ ಕೆಂಪು ಹನಿಸಿ, ಕಲಸಿ, ಗೆಣ್ಣುಗಳನ್ನು ತಿದ್ದಿದರು. ಮದರ್ ಕೆಳಗಿನಿಂದ, ಇನ್ನೂ, ಇನ್ನೂ, ಸಾಕು, ಎನ್ನುತ್ತಿದ್ದರು. ಅಷ್ಟರಲ್ಲಿ ಗ್ರಾಮಫೋನ್ ಅಂಗಡಿಯವನು ಅಲೋಂಜೊನ ತಟ್ಟೆ ಹಾಕಿದ. ಸಾರುವೆಯ ಮೇಲಿದ್ದವರೂ ಕೆಳಗಿದ್ದವರೂ ಹಾಡು ಮುಗಿಯುವ ತನಕ ನಿಂತಲ್ಲಿಯೇ ನಿಂತರು.

ನಿಲುವಂಗಿಯನ್ನು ಅವರು ಕೊನೆಗೂ ಹಿಂತಿರುಗಿಸಲಿಲ್ಲ. ತೀರಿಕೊಂಡಾಗ ಅದನ್ನೇ ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದರು, ಚರ್ಚಿನೊಳಗೆ, ನನ್ನ ಆರ್ಗನ್ನಿನ ಪಕ್ಕದಲ್ಲಿ. ಈಗ ಸಭೆಗಳಲ್ಲಿ ದೊಡ್ಡವರು ಬಂದು, ಇಂಥ ಕಲಾವಿದರು ಒಂದು ಜನಾಂಗಕ್ಕೆ ಮುಖ ಕೊಟ್ಟರು ಎಂದು ಭಾಷಣ ಮಾಡುತ್ತಾರೆ. ಕೊಟ್ಟದ್ದು ನಿಜ, ಆ ಗೋಡೆಯೇ ಸಾಕ್ಷಿ. ಆದರೆ ನಾನು ಹತ್ತಿರದಿಂದ ಬಲ್ಲ ಈ ಬಗೆಯ ಕಲಾವಿದರು ತಮಗೆ ಅತ್ಯಂತ ಬೇಕಾದ ಒಂದು ಮುಖವನ್ನು ಬರೆಯದೆ ಬಿಟ್ಟು, ನೆರೆಯವರು ತಮ್ಮವರನ್ನು ಕಾಣುವುದಕ್ಕೆ ಅಷ್ಟಗಲ ಜಾಗ ಮಾಡಿಕೊಡುವವರು. ತಮ್ಮದೆಂದು ಉಳಿಸಿಕೊಳ್ಳುವುದು ಒಂದು ಕೈ, ಅದರಲ್ಲಿ ಒಂದು ಬೆರಳು. ಆ ಗೋಡೆಯ ಮುಂದೆ ಹಾದುಹೋಗುವಾಗ ನಾನೂ ಈಗ ಸ್ವಲ್ಪ ನಿಲ್ಲುತ್ತೇನೆ. ಆ ಖಾಲಿ ಇಟ್ಟಿಗೆಯಲ್ಲಿ ನನಗೆ ಓಜೆಲ್ಲಾ ಕಾಣುತ್ತಾರೆ, ತಲೆಯನ್ನು ಎಡಕ್ಕೆ ವಾಲಿಸಿ, ಕೇಳುತ್ತಾ.